ಕಂಬದ ಕೆಳಗಿನ ದುಡ್ಡು

ನಮ್ಮ ಶೆಡ್ಡಿನಲ್ಲಿ ದೋಣಿ ಕಟ್ಟುತ್ತಿದ್ದಾರೆ ಎಂಬ ಸುದ್ದಿ ಹಬ್ಬಿದ ಮೇಲೆ ಹೆದ್ದಾರಿಯಲ್ಲಿ ಹೋಗುವವರೆಲ್ಲ ಗಾಡಿ ನಿಲ್ಲಿಸಿ, ಗೇಟಿನೊಳಗೆ ಕತ್ತು ಹಾಕಿ ಕೇಳುತ್ತಿದ್ದ ಪ್ರಶ್ನೆ ಒಂದೇ. "ಇಲ್ಲಿ ಸಮುದ್ರ ಎಲ್ಲಿ ಅದರಿ ಅಕ್ಕಾರ?" ಮೊದಮೊದಲು ತಾಳ್ಮೆಯಿಂದ ವಿವರಿಸುತ್ತಿದ್ದೆ. ಆಮೇಲಾಮೇಲೆ, "ಹಿಂದಿನ ಹೊಲದಾಗ ಅದ, ಹೋಗಿ ನೋಡಿ ಬರ್ರಿ" ಅನ್ನತೊಡಗಿದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅದು ಶೆಡ್ಡಿನವರಿಗೆಲ್ಲ ಗೊತ್ತಿದ್ದದ್ದರಿಂದ, ಕೇಳಲು ಬಂದವರನ್ನು ಅವರೇ ನಗುತ್ತ ನನ್ನ ಹತ್ತಿರ ಕಳಿಸುತ್ತಿದ್ದರು.

ಹುಮನಾಬಾದಿನಿಂದ ಬಸವಕಲ್ಯಾಣದ ಕಡೆ ಹೊರಟರೆ ಹೆದ್ದಾರಿಗೆ ಹತ್ತಿಕೊಂಡೇ ನಮ್ಮ ಶೆಡ್ಡು. ನಮ್ಮ ಕೆಲಸ ಹಾಲಿನ ಟ್ಯಾಂಕರುಗಳದ್ದು. ಅಲ್ಯೂಮಿನಿಯಮ್ ತಗಡು ಬಾಗಿಸಿ, ಬೆಸೆದು, ಒಂದು ಹನಿ ಸೋರದಂತೆ ಮಾಡುವುದು. ದೋಣಿಯ ಒಡೆಯರಾದ ಕ್ಯಾಪ್ಟನ್ ಸಾಹೇಬರು ನಮ್ಮನ್ನು ಹುಡುಕಿಕೊಂಡು ಬಂದದ್ದು ನಮ್ಮ ಹೆಸರು ಕೇಳಿ ಅಲ್ಲ, ನಮ್ಮ ಹವೆ ಕೇಳಿ. ಅಲ್ಯೂಮಿನಿಯಮ್ ಬೆಸುಗೆಗೆ ತೇವ ಅಂದರೆ ಆಗದು. ಕಡಲತೀರದ ಗಾಳಿಯಲ್ಲಿ ಬೆಸೆದರೆ ಒಳಗೆ ಗುಳ್ಳೆ ಗುಳ್ಳೆಯಾಗಿ ಬೆಸುಗೆ ಪೊಳ್ಳಾಗುತ್ತದೆ. ನಮ್ಮ ಕಡೆ ದೀಪಾವಳಿ ದಾಟಿದರೆ ಗಾಳಿ ಹಪ್ಪಳದಂತೆ ಒಣಗಿರುತ್ತದೆ. "ನಿಮ್ಮ ಬಿಸಿಲೇ ನನಗೆ ಬೇಕಾದದ್ದು" ಎಂದರು ಅವರು. ನಮ್ಮ ಬಿಸಿಲನ್ನು ಹೊಗಳಿದವರನ್ನು ನಾನು ಅವತ್ತೇ ಮೊದಲು ನೋಡಿದ್ದು.

ಅವರು ಸರಕು ಹಡಗುಗಳಲ್ಲಿ ದುಡಿದು ನಿವೃತ್ತರಾದವರು. ಅವರ ಹೆಂಡತಿ ಮೇಡಂ ಕೂಡ ಹಾಯಿದೋಣಿ ನಡೆಸುವವರೇ. ಈ ದೋಣಿ ಅವರಿಬ್ಬರಿಗಾಗಿ, ಇಬ್ಬರಿಗಾಗಿ ಮಾತ್ರ. ಒಬ್ಬರು ಮಲಗಿದ್ದಾಗ ಇನ್ನೊಬ್ಬರು ನಡೆಸಬೇಕು, ಅದೂ ದಡ ಕಾಣದ ನೀರಿನಲ್ಲಿ, ವಾರಗಟ್ಟಲೆ. ಹಾಗಾಗಿ ಪ್ರತಿಯೊಂದೂ ಒಂಟಿ ಕೈಯ ಲೆಕ್ಕದಲ್ಲೇ ಇತ್ತು. ಹಾಯಿ ಏರಿಸುವ, ಇಳಿಸುವ ಹಗ್ಗಗಳೆಲ್ಲ ಚುಕ್ಕಾಣಿ ಹಿಡಿದು ಕೂರುವ ಜಾಗಕ್ಕೇ ಬಂದು ಸೇರಬೇಕು. ಮುಂದೆ ಒಂದು, ಹಿಂದೆ ಒಂದು ನೀರು ನುಗ್ಗದ ಅಡ್ಡಗೋಡೆ ಬೇಕು. ಆಳವಿಲ್ಲದ ಜಾಗದಲ್ಲಿ ಮೇಲೆತ್ತಿಕೊಳ್ಳುವ ಹಲಗೆ ಹೊಟ್ಟೆಯ ಕೆಳಗಿರಬೇಕು. ಹೊರಮೈಗೆ ಬಣ್ಣವೇ ಬೇಡ, ಬರಿಯ ಲೋಹ ಸಾಕು. ಒಡಲು ಮತ್ತು ಡೆಕ್ಕು ನಮ್ಮಲ್ಲಿ ಆಗಬೇಕು, ಇಂಜಿನ್ನು, ಹಾಯಿ, ಕಂಬ ಇವೆಲ್ಲ ಕಡಲತೀರದ ಯಾರ್ಡಿನಲ್ಲಿ ಎಂದು ಮಾತಾಯಿತು.

ಕಂಬ ಎಂಬ ಆ ಮಾತನ್ನು ಶೆಡ್ಡಿಗೆ ತಂದವಳು ನಾನೇ. ನಕ್ಷೆಯಲ್ಲಿ ಹಾಯಿ ಕಟ್ಟುವ ಕಂಬಕ್ಕೆ ಮಾಸ್ಟ್ ಎಂದಿತ್ತು. ನಮ್ಮವರಿಗೆ ಅದು ಮಾಸ್ತರ ಎಂದು ಕೇಳಿಸಿ ದಿನವಿಡೀ ನಗೆಚಾಟಿಕೆಯಾಯಿತು. "ಏ, ಮಾಸ್ತರ ಎಲ್ಲಿ ನಿಲ್ತಾನ? ಅವನ ಖುರ್ಚಿ ಎಲ್ಲಿ ಹಾಕಬೇಕು?" ಸಾಕಾಗಿ ನಾನು, "ಕಂಬ ಅನ್ರಿ, ಕಂಬ. ನಡುಮನಿ ಕಂಬ ಹ್ಯಾಂಗ ಇರ್ತದ, ಹಂಗ. ಇಡೀ ಭಾರ ಅದರ ಮ್ಯಾಲ" ಎಂದೆ. ಎಲ್ಲರಿಗೂ ತಕ್ಷಣ ತಿಳಿಯಿತು. ಅಷ್ಟು ಚೆನ್ನಾಗಿ ತಿಳಿಯಬಾರದಿತ್ತು.

ಕಂಬ ಡೆಕ್ಕನ್ನು ಹಾದು ಕೆಳಗಿಳಿದು ದೋಣಿಯ ತಳದ ಬೆನ್ನೆಲುಬಿನ ಮೇಲೆ ನಿಲ್ಲುತ್ತದೆ. ಅಲ್ಲಿ ದಪ್ಪ ತಗಡಿನ ಒಂದು ಪೆಟ್ಟಿಗೆಯಂಥ ಪೀಠ. ನಾಲ್ಕೂ ಕಡೆ ಮುಚ್ಚಿರುತ್ತದೆ, ನೀರು ಹರಿದುಹೋಗಲು ಬುಡದಲ್ಲಿ ಹೆಬ್ಬೆರಳು ಹೋಗುವಷ್ಟು ತೂತುಗಳು ಮಾತ್ರ. ಬಸವಕಲ್ಯಾಣದಿಂದ ಬರುವ ನಮ್ಮ ಹಿರಿಯ ಮಿಸ್ತ್ರಿ ಅದನ್ನು ಬೆಸೆದರು. ನಾನು ಅವರನ್ನು ಚಾಚಾ ಎನ್ನುತ್ತೇನೆ. ನನ್ನ ಮಾವನವರ ಕಾಲದಿಂದ ಇದ್ದವರು, ಬೆಸುಗೆಯನ್ನು ಹೆಣೆದ ಜಡೆಯಂತೆ ಎಳೆಯುತ್ತಾರೆ. ಪೀಠದ ಮೇಲ್ತಗಡು ಮುಚ್ಚಿದ ದಿನ ನಾನು ಬೆಸುಗೆಗೆ ಬೇಕಾದ ಆರ್ಗಾನ್ ಅನಿಲದ ಸಿಲಿಂಡರಿನ ಗೊಂದಲ ಬಿಡಿಸಲು ಹೊರಗೆ ಹೋಗಿದ್ದೆ. ಬಂದು ಬೆಸುಗೆ ನೋಡಿದೆ. ಬೆರಳಾಡಿಸಿದರೆ ಎಲ್ಲೂ ತಡೆಯಲಿಲ್ಲ. ಖುಷಿಯಾಗಿ ಶಾಬಾಷ್ ಎಂದೆ.

ಕ್ಯಾಪ್ಟನ್ ಸಾಹೇಬರಿಗೆ ಒಂದು ಭಯವಿತ್ತು. ಅಲ್ಯೂಮಿನಿಯಮ್ಮಿಗೆ ತಾಮ್ರ, ಹಿತ್ತಾಳೆ ತಾಗಿ, ನಡುವೆ ಉಪ್ಪುನೀರು ಬಂತೆಂದರೆ ಅಲ್ಲಿ ಒಂದು ಬ್ಯಾಟರಿ ಹುಟ್ಟಿಕೊಳ್ಳುತ್ತದೆ. ತಾಮ್ರ ಹಾಗೇ ಉಳಿಯುತ್ತದೆ, ಅಲ್ಯೂಮಿನಿಯಮ್ ಕರಗುತ್ತ ಹೋಗುತ್ತದೆ. ಕಬ್ಬಿನ ಬೇರಿಗೆ ಗೊಣ್ಣೆಹುಳ ಬಿದ್ದ ಹಾಗೆ, ಮೇಲೆ ಎಲ್ಲ ಹಸಿರು, ಕೆಳಗೆ ಏನೂ ಇಲ್ಲ. ಅದಕ್ಕೇ ಅವರು ಉಕ್ಕಿನ ಬೋಲ್ಟಿಗೂ ಪ್ಲಾಸ್ಟಿಕ್ ವಾಷರು ಹಾಕಿಸಿದರು, ಜೇಬಿನಲ್ಲಿ ಚಿಲ್ಲರೆ ಇಟ್ಟುಕೊಂಡು ದೋಣಿ ಹತ್ತಬಾರದು ಎಂದರು. ನಾನು ಏಣಿಯ ಬುಡದಲ್ಲಿ ಒಂದು ಸ್ಟೀಲಿನ ತಾಟು ಇಟ್ಟೆ. ಎಲ್ಲರೂ ಅದರಲ್ಲಿ ಚಿಲ್ಲರೆ ಸುರಿದೇ ಹತ್ತುತ್ತಿದ್ದರು. ಯಾಕೆ ಎಂದು ಯಾರೋ ಕೇಳಿದಾಗ, ಬ್ಯಾಟರಿಯ ಕಥೆಯನ್ನೆಲ್ಲ ಎಲ್ಲಿ ಹೇಳುತ್ತ ಕೂರಲಿ ಎಂದು, "ಚಿಲ್ಲರ ಬಿದ್ದು ಪಂಪಿನಾಗ ಸಿಕ್ರ ಯಾರು ತಗೀತಾರ?" ಎಂದು ಮುಗಿಸಿಬಿಟ್ಟೆ.

ಒಡಲು ಮುಗಿಯಿತು. ಬೆಸುಗೆಗಳಿಗೆಲ್ಲ ಕೆಂಪು ದ್ರವ ಹಚ್ಚಿ, ಒರೆಸಿ, ಬಿಳಿ ಪುಡಿ ಹೊಡೆದು ನೋಡಿದೆವು. ಬಿರುಕಿದ್ದರೆ ಬಿಳಿಯ ಮೇಲೆ ಕೆಂಪು ಗೆರೆ ಮೂಡುತ್ತದೆ. ಎರಡು ಕಡೆ ಮೂಡಿತು, ಕೆತ್ತಿ ಮತ್ತೆ ಬೆಸೆದೆವು. ಆಮೇಲೆ ಡೆಕ್ಕಿನ ಮೇಲೆ ದಿನಗಟ್ಟಲೆ ಪೈಪಿನಿಂದ ನೀರು ಹೊಡೆದು ಸೋರಿಕೆ ಹುಡುಕಿದೆವು. ಒಂದು ಬಾಗಿಲ ಅಂಚಿನಲ್ಲಿ ಸೋರಿ ನೀರೆಲ್ಲ ತಳಕ್ಕಿಳಿಯಿತು. ನಮ್ಮ ಬೋರಿನ ನೀರು ಸವಳು, ಬಟ್ಟೆ ಒಗೆದರೆ ಬಟ್ಟೆ ಕಟ್ಟಿಗೆಯಾಗುತ್ತದೆ. ಕೈಗೆ ಸಿಕ್ಕಲ್ಲೆಲ್ಲ ಒರೆಸಿ ಒಣಗಿಸಿದೆವು.

ಬೇಸಗೆ ಮುಗಿಯುತ್ತ ಬಂದಿತ್ತು. ಮಳೆಗಾಲ ಶುರುವಾದರೆ ಆ ಯಾರ್ಡಿನಲ್ಲಿ ದೋಣಿ ನೀರಿಗಿಳಿಸುವುದಿಲ್ಲ. ಅಷ್ಟರೊಳಗೆ ಒಡಲು ಅಲ್ಲಿಗೆ ಮುಟ್ಟಿ, ಕಂಬ ನಿಂತು, ನೀರಿಗಿಳಿಯಬೇಕು. ಇಲ್ಲದಿದ್ದರೆ ಅವರ ಪಯಣ ವರ್ಷ ಮುಂದಕ್ಕೆ. ಕ್ಯಾಪ್ಟನ್ ಸಾಹೇಬರ ಮೊಣಕಾಲು ಆಗಲೇ ಏಣಿ ಹತ್ತುವಾಗ ತಕರಾರು ಮಾಡುತ್ತಿತ್ತು. "ವರ್ಷ ಅಂದರೆ ನಮ್ಮ ವಯಸ್ಸಿನಲ್ಲಿ ಸಣ್ಣದಲ್ಲ" ಎಂದು ಮೇಡಂ ಒಮ್ಮೆ ನನ್ನೊಬ್ಬಳ ಹತ್ತಿರ ಹೇಳಿದ್ದರು. ಉದ್ದನೆಯ ಟ್ರೇಲರು ಬಂದು ಶೆಡ್ಡಿನ ಮುಂದೆ ನಿಂತಿತು. ಅಗಲದ ಸರಕಿಗೆ ರಸ್ತೆಯ ಪರವಾನಗಿಯೂ ಸಿಕ್ಕಿತು. ಮರುದಿನ ಬೆಳಿಗ್ಗೆ ಏರಿಸುವುದೆಂದಾಯಿತು.

ಆ ಮಧ್ಯಾಹ್ನ ನಮ್ಮ ಅತ್ತೆಯವರು ಶೆಡ್ಡಿಗೇ ಬುತ್ತಿ ತಂದರು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಮಾವನವರು ಶೆಡ್ಡು ಶುರುಮಾಡಿದ ದಿನದಿಂದ ಹೊಸ ಟ್ಯಾಂಕರು ಹೊರಡುವ ಮೊದಲು ಚಕ್ರಕ್ಕೆ ನಿಂಬೆಹಣ್ಣು ಇಡುವವರು ಅವರೇ. ಮೇಡಂಗೂ ಅವರಿಗೂ ಭಾಷೆ ಬಾರದೆಯೂ ಗೆಳೆತನ ಬೆಳೆದಿತ್ತು. ಊಟ ಮಾಡುತ್ತ ಮೇಡಂ ನನಗೆ ಹಿಂದಿಯಲ್ಲಿ ಹೇಳಿದರು. "ನಾವಿಕರಲ್ಲಿ ಒಂದು ಪದ್ಧತಿ ಇದೆ. ಕಂಬ ನಿಲ್ಲಿಸುವಾಗ ಬುಡದಲ್ಲಿ ಒಂದು ನಾಣ್ಯ ಇಡುತ್ತಾರೆ. ಈ ದೋಣಿಯಲ್ಲಿ ಮಾತ್ರ ಬೇಡ ಎಂದುಕೊಂಡಿದ್ದೇವೆ. ನಾಣ್ಯ ಅಂದರೆ ಯಾವುದಾದರೂ ಲೋಹವೇ ಅಲ್ಲವೇ?"

ನಾನು ಅದನ್ನು ಅತ್ತೆಗೆ ಕನ್ನಡದಲ್ಲಿ ಹೇಳಿದೆ. ಅವರು ರೊಟ್ಟಿ ಮುರಿಯುತ್ತ, "ಇಲ್ಲಂತ ಯಾರಂದ್ರು? ನಾ ಇಟ್ಟೀನಲ್ಲ" ಎಂದರು.

"ಏನು ಇಟ್ಟೀರಿ?"

"ದುಡ್ಡು. ತಾಂಬದ ದುಡ್ಡು. ಕಂಬಾ ನಿಲ್ಲೂ ಜಾಗಾ ಅಂತ ನೀನೇ ಮನ್ಯಾಗ ಹೇಳಿದ್ದೆಲ್ಲ. ಕಂಬದ ಬುಡ ಖಾಲಿ ಬಿಡ್ತಾರೇನು ಯಾರರ? ಅದೂ ಇಬ್ಬರೇ ಹೋಗವರು. ಅರಿಷಿಣ ಕುಂಕುಮ ಹಚ್ಚಿ ಮಿಸ್ತ್ರಿ ಕೈಯಾಗ ಕೊಟ್ಟಿದ್ದೆ."

ತಾಂಬ ಅಂದರೆ ತಾಮ್ರವೇ. ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಮೇಡಂ ನನ್ನ ಮುಖ ನೋಡಿ, ಅವರು ಏನಂದರು ಎಂದು ಕೇಳಿದರು. ಒಂದು ನಿಮಿಷ ಎಂದು ಎದ್ದು ಮಿಸ್ತ್ರಿಯವರ ಹತ್ತಿರ ಹೋದೆ. ಅವರು ಟ್ರೇಲರಿನ ಮೇಲೆ ದೋಣಿ ಕೂರುವ ಮರದ ತೊಟ್ಟಿಲಿಗೆ ರಬ್ಬರು ಹೊಡೆಯುತ್ತಿದ್ದರು.

"ಹೌದ್ರಿ ಅಕ್ಕಾರ, ಇಟ್ಟೀನಿ" ಎಂದರು ಅವರು, ಹೆಮ್ಮೆಯಿಂದಲೇ. "ಅವ್ವಾರು ಕೊಟ್ಟಿದ್ರು. ನಮ್ಮ ಮನ್ಯಾಗೂ ಚೌಕಟ್ಟು ಕುಂದ್ರಿಸುವಾಗ ಬೆಳ್ಳಿದೋ ತಾಂಬದ್ದೋ ಏನರ ಇಡ್ತೀವಿ. ಪುಟ್ಟಿ ಹಚ್ಚಿ ಗಟ್ಟಿ ಕುಂದ್ರಿಸೀನಿ."

"ಚಿಲ್ಲರ ಸುದ್ದಾ ಮ್ಯಾಲ ಒಯ್ಯಬ್ಯಾಡ್ರಿ ಅಂತ ನಾ ಹೇಳಿದ್ದಿಲ್ಲೇನ್ರಿ ಚಾಚಾ?"

"ಅದು ಬಿದ್ದು ಪಂಪಿನಾಗ ಸಿಗಬಾರ್ದಂತ ಅಂದಿದ್ರಲ್ರಿ ನೀವು. ಇದು ಬೀಳಂಗಿಲ್ಲ. ನಾ ಗ್ಯಾರಂಟಿ."

ಬಂದ ಸಿಟ್ಟನ್ನು ಯಾರ ಮೇಲೆ ಹಾಕಬೇಕೋ ತಿಳಿಯಲಿಲ್ಲ. ಅವರಿಗೆ ಬ್ಯಾಟರಿಯ ಕಥೆ ಪೂರ್ತಿ ಹೇಳಿದೆ. ಅವರ ಮುಖ ಬಾಡಿತು. ಸುತ್ತಿಗೆ ಕೆಳಗಿಟ್ಟು, "ಯಾ ಅಲ್ಲಾ" ಎಂದು ಮೆಲ್ಲಗೆ ಕುಳಿತುಬಿಟ್ಟರು.

ಕ್ಯಾಪ್ಟನ್ ಸಾಹೇಬರಿಗೂ ಮೇಡಂಗೂ ಹಾಗೆಯೇ ಹೇಳಿದೆ, ಸಕ್ಕರೆ ಸವರದೆ. ಸಾಹೇಬರು ಕೂಗಾಡಿದ್ದರೆ ನನಗೆ ಹಗುರವಾಗುತ್ತಿತ್ತು. ಅವರು ನೀರಿನ ಲೋಟ ಕೆಳಗಿಟ್ಟು, "ಸರಿ. ಮೊದಲು ನೋಡೋಣ" ಎಂದರು ಅಷ್ಟೇ.

ನಮ್ಮ ಮನೆಯವರು ಹಳ್ಳಿಖೇಡದ ಕಡೆ ಬಾಯ್ಲರ್ ದುರಸ್ತಿಯ ಕೆಲಸ ಮಾಡುತ್ತಾರೆ. ಕೊಳವೆಯೊಳಗೆ ಇಣುಕಿ ನೋಡುವ, ಹಾವಿನಂಥ ವಯರಿನ ತುದಿಗೆ ಕ್ಯಾಮೆರಾ ಇರುವ ಉಪಕರಣ ಅವರ ಹತ್ತಿರ ಇತ್ತು. ಫೋನು ಮಾಡಿ ತರಿಸಿದೆ. ಬುಡದ ತೂತಿನೊಳಗೆ ಬಿಟ್ಟಾಗ ಪರದೆಯ ಮೇಲೆ ಮೊದಲು ಕತ್ತಲು, ಆಮೇಲೆ ಬೆಸುಗೆಯ ಸಾಲು, ಆಮೇಲೆ ಸರಿಯಾಗಿ ನಟ್ಟನಡುವೆ ಅದು ಕಾಣಿಸಿತು. ಕುಂಕುಮದ ಕಲೆ, ಸುತ್ತ ಹಸಿರು ಅಂಚು. ಕೊಕ್ಕೆ ಮಾಡಿದ ತಂತಿಯಿಂದ ಎಳೆದು ನೋಡಿದೆವು. ಮಿಸ್ತ್ರಿಯವರ ಗ್ಯಾರಂಟಿ ಸುಳ್ಳಾಗಲಿಲ್ಲ, ದುಡ್ಡು ಕದಲಲಿಲ್ಲ.

ಆಗ ಮಿಸ್ತ್ರಿಯವರೇ ಒಂದು ದಾರಿ ಹೇಳಿದರು. "ತೂತಿನ್ಯಾಗಿಂದ ಎಪಾಕ್ಸಿ ಅಂಟು ತುಂಬಿಬಿಡೋಣ್ರಿ. ಪೂರಾ ಪೆಟ್ಟಿಗಿ ಜಾಮ್ ಆಗ್ತದ. ನೀರು ಮುಟ್ಟಲಿಲ್ಲಂದ್ರ ತಾಂಬಾ ಏನು ಮಾಡ್ತದ?"

ಕ್ಯಾಪ್ಟನ್ ಸಾಹೇಬರು ಗೇಟಿನ ಕಡೆ ನೋಡಿದರು. ಹೊರಗೆ ಟ್ರೇಲರು ನಿಂತಿತ್ತು. ಕಡಲತೀರದಲ್ಲಿ ಕ್ರೇನು ಗೊತ್ತುಮಾಡಿದ್ದರು. ಕೊನೆಗೆ, "ಹಾಗೂ ಮಾಡಬಹುದು. ತುಂಬಿಸಿ ಹೊರಟುಬಿಡೋಣ" ಎಂದರು.

ನನಗೂ ಆಸೆಯಾಯಿತು, ಸುಳ್ಳು ಯಾಕೆ ಹೇಳಲಿ. ಸಂಜೆಯೊಳಗೆ ಮುಗಿಯುವ ಕೆಲಸ. ಅತ್ತೆಗೂ ಮಿಸ್ತ್ರಿಗೂ ಮುಜುಗರವಿಲ್ಲ, ಶೆಡ್ಡಿನ ಮಾನವೂ ಉಳಿಯುತ್ತದೆ. ಆದರೆ ಆ ಪೆಟ್ಟಿಗೆಯೊಳಗೆ ಆಗಲೇ ಸವಳು ನೀರು ಹೋಗಿ ಬಂದಿತ್ತು. ದುಡ್ಡಿನ ಕೆಳಗೆ ತೇವ ಉಳಿದಿದ್ದರೆ, ಎಪಾಕ್ಸಿ ಆ ತೇವವನ್ನೇ ಒಳಗಿಟ್ಟು ಬೀಗ ಹಾಕಿದಂತೆ. ಕೆಳಗೆ ಒಂದೇ ತಗಡು, ಅದರಾಚೆ ಸಮುದ್ರ. ಅಲ್ಲಿ ತೂತು ಬಿದ್ದರೆ ನೋಡಲೂ ಆಗದು, ಕೈ ಹಾಕಲೂ ಆಗದು. ಇಬ್ಬರಲ್ಲಿ ಒಬ್ಬರು ಮಲಗಿರುತ್ತಾರೆ.

"ಬೇಡ" ಎಂದೆ. "ಕೊಯ್ದು ತೆಗೆಯೋಣ. ಅದು ಒಳಗಿರುವ ತನಕ ದೋಣಿ ನನ್ನ ಶೆಡ್ಡಿನಿಂದ ಹೊರಗೆ ಹೋಗುವುದಿಲ್ಲ."

"ಹೊರಡುವುದು ತಡವಾದರೆ?" ಎಂದರು ಕ್ಯಾಪ್ಟನ್ ಸಾಹೇಬರು.

"ತಡವಾದರೆ ನನ್ನನ್ನು ಬೈಯಿರಿ. ಬೈಯಲಾದರೂ ನೀವು ದಡದ ಮೇಲೆ ಇರುತ್ತೀರಿ."

ಮೇಡಂ ಆಗ ಗಂಡನ ಕಡೆ ನೋಡಿ ಸರಿಯೆಂದು ತಲೆಯಾಡಿಸಿದರು. ಟ್ರೇಲರಿನ ಚಾಲಕನಿಗೆ ಹೇಳಿದೆವು. ಅವನು ಗೊಣಗುತ್ತ ತೊಟ್ಟಿಲ ನೆರಳಲ್ಲೇ ಚಾಪೆ ಹಾಸಿದ.

ಎಲ್ಲಿ ಕೊಯ್ಯುವುದು ಎಂಬುದೇ ದೊಡ್ಡ ಪ್ರಶ್ನೆ. ಕಂಬದ ಭಾರವೆಲ್ಲ ಮೇಲ್ತಗಡಿನ ಮೇಲೆ, ಅದನ್ನು ಮುಟ್ಟುವಂತಿಲ್ಲ. ಪಕ್ಕದ ತಗಡಿನಲ್ಲಿ ಮೊಟ್ಟೆಯಾಕಾರದ ಒಂದು ಕಿಂಡಿ ಮಾಡುವುದೆಂದಾಯಿತು. ಮೂಲೆ ಇಲ್ಲದ ಆಕಾರವೇ ಬೇಕು, ಮೂಲೆ ಇದ್ದಲ್ಲಿ ಬಿರುಕು ಹುಟ್ಟುತ್ತದೆ. ಕಿಂಡಿಯನ್ನು ಮತ್ತೆ ಮುಚ್ಚಬಾರದು, ಅಂಚಿಗೆ ದಪ್ಪ ಬಳೆ ಬೆಸೆದು ಹಾಗೇ ಬಿಡೋಣ ಎಂದೆ ನಾನು. ಮುಚ್ಚಿದ್ದರಿಂದಲೇ ಇಷ್ಟೆಲ್ಲ ಆದದ್ದು. ಕ್ಯಾಪ್ಟನ್ ಸಾಹೇಬರು ಕಾಗದದ ಮೇಲೆ ಲೆಕ್ಕ ಹಾಕಿ, ಬಳೆ ಹಾಕಿದರೆ ಬಲ ಕಡಿಮೆಯಾಗದು ಎಂದರು. ಕಿಂಡಿ ಆದಷ್ಟು ಸಣ್ಣದಿರಬೇಕು, ಒಂದು ಕೈ ಹೋದರೆ ಸಾಕು.

ಅಷ್ಟರಲ್ಲಿ ಅತ್ತೆಗೆ ವಿಷಯ ಪೂರ್ತಿ ತಿಳಿದಿತ್ತು. ನಾನು ಗೆರೆ ಎಳೆಯುತ್ತಿದ್ದಾಗ ಕೆಳಗಿನಿಂದ ಅವರ ದನಿ ಬಂತು. "ಕಂಬದ ಬುಡದಾಗಿಂದು ತಗೀಬಾರದು. ತಗದ್ರ ಮನಿ ನಿಲ್ಲಂಗಿಲ್ಲ."

"ಇದ್ರ ದೋಣಿ ತೇಲಂಗಿಲ್ರಿ ಅತ್ತಿ" ಎಂದೆ, ಸ್ವಲ್ಪ ಒರಟಾಗಿಯೇ.

ನಾನು ರಂಧ್ರ ಕೊರೆದು, ಅಲಗಿಗೆ ಮೇಣ ಸವರಿ ಗರಗಸ ಬಿಟ್ಟೆ. ಕಿಂಡಿಯ ತುಂಡು ಬಿಡಿಸಿಕೊಂಡು ಬಂದಾಗ ಮಿಸ್ತ್ರಿಯವರ ಕೈ ಒಳಗೆ ಹೋಗಲಿಲ್ಲ. ನಾನು ಕೈ ಹಾಕಲು ಹೊರಟೆ. ಆಗ ಏಣಿ ಕಿರುಗುಟ್ಟಿತು. ಎಂದೂ ದೋಣಿ ಹತ್ತದಿದ್ದ ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಮೇಡಂ ಕೈಹಿಡಿದು ಮೇಲೆ ಬಂದಿದ್ದರು.

"ನೀ ಅತ್ತಾಗ ಸರೀ. ಇಟ್ಟ ಕೈಲೇ ತಗದ್ರ ನಡೀತದ" ಎಂದರು.

"ಇಟ್ಟವರು ಚಾಚಾ ಅಲ್ರಿ?"

"ಕೊಟ್ಟಾಕಿ ನಾ."

ಬಳೆಗಳನ್ನು ಮೊಣಕೈಗೆ ಏರಿಸಿಕೊಂಡು, ಕಿಂಡಿಯ ಪಕ್ಕ ಮಂಡಿಯೂರಿ ಕೈ ಹಾಕಿದರು. ಗಣಪತಿಯನ್ನು ಎತ್ತುವ ಮೊದಲು ಕದಲಿಸುವ ಹಾಗೆ ದುಡ್ಡನ್ನು ಬೆರಳಿಂದ ಮುಟ್ಟಿ, ತುಟಿಯಲ್ಲೇ ಏನೋ ಅಂದುಕೊಂಡರು. ನಾನು ಪ್ಲಾಸ್ಟಿಕ್ಕಿನ ಚೂಪು ಪಟ್ಟಿ ಕೊಟ್ಟೆ. ಎಬ್ಬಿಸಿ ಎಬ್ಬಿಸಿ, ಪುಟ್ಟಿಯ ಸಮೇತ ಹೊರಗೆ ತೆಗೆದರು. ನಾನು ಬ್ಯಾಟರಿ ದೀಪ ಹಿಡಿದೆ. ದುಡ್ಡು ಕೂತಿದ್ದಲ್ಲಿ ಸುಣ್ಣದಂಥ ಬಿಳಿ ಪುಡಿ. ಒರೆಸಿ ಸೂಜಿ ಆಡಿಸಿದರೆ ಮೊನೆ ಅಲ್ಲಲ್ಲಿ ಸಿಕ್ಕಿಕೊಂಡಿತು. ಕುಳಿ ಬಿದ್ದಿತ್ತು, ಬರಿಯ ಬೋರಿನ ನೀರಿಗೇ.

ಅತ್ತೆ ಬಗ್ಗಿ ನೋಡಿದರು. ಬೆರಳಿಗೆ ಅಂಟಿದ ಬಿಳಿ ಪುಡಿಯನ್ನು ತಿಕ್ಕಿ ನೋಡಿದರು.

"ಇದು ನನ್ನ ದುಡ್ಡ ತಿಂದದ್ದೇನು?"

"ಹೌದ್ರಿ ಅತ್ತಿ."

"ಪೂಜಾ ಮಾಡಿದ್ದಿದ್ರೂ?"

ಅವರು ದುಡ್ಡನ್ನು ಸೆರಗಿನ ತುದಿಗೆ ಕಟ್ಟಿಕೊಂಡರು. ಮೇಡಂ ಅವರ ಹೆಗಲ ಮೇಲೆ ಕೈಯಿಟ್ಟರೆ ಆ ಕೈಯನ್ನು ಮೆಲ್ಲಗೆ ತೆಗೆದು ಏಣಿ ಇಳಿದು ಹೋದರು. ಮರುದಿನದಿಂದ ಬುತ್ತಿ ಬಂತು, ಅವರು ಬರಲಿಲ್ಲ. ಮನೆಯಲ್ಲೂ ಮಾತು ಕಡಿಮೆ. "ಇಬ್ಬರೇ ಹೋಗವರು, ಅವರಿಗೆ ನಾ ಏನು ಮಾಡಿಬಿಡ್ತಿದ್ದೆ" ಎಂದು ಒಮ್ಮೆ ಒಲೆಯ ಮುಂದೆ ತಮಗೆ ತಾವೇ ಅಂದದ್ದು ನನ್ನ ಕಿವಿಗೆ ಬಿತ್ತು. ನನಗೆ ಬಹಳ ಸಂಕಟವಾಯಿತು. ಬೈಯುವುದು ಗೊತ್ತಿರುವ ನನಗೆ ಸಮಾಧಾನ ಹೇಳುವುದು ಬಾರದು.

ಇತ್ತ ಕುಳಿಗಳನ್ನು ಕೆತ್ತಿ, ತುಂಬಿ, ಬಳೆ ಬೆಸೆಯುವುದಷ್ಟೇ ಉಳಿದಿತ್ತು. ಆದರೆ ಕಿಂಡಿ ಕೊಯ್ದ ಸಂಜೆಯೇ ಗುಡುಗು ಸಿಡಿಲಿನ ಅಡ್ಡಮಳೆ ಹೊಡೆಯಿತು. ಘಾಟಬೋರಾಳದ ಕಡೆಯ ಕೆಲಸಗಾರರು ಮರುದಿನ ತೋಯ್ದು ತೊಪ್ಪೆಯಾಗಿ ಬಂದರು. ಬೆಳಿಗ್ಗೆ ಶೆಡ್ಡಿನೊಳಗೆ ತಗಡು ಮುಟ್ಟಿದರೆ ಬೆರಳು ಒದ್ದೆ. ಯಾವ ಒಣ ಹವೆಗಾಗಿ ಇಲ್ಲಿಗೆ ಬಂದಿದ್ದರೋ ಅದು ಬೇಕಾದ ದಿನವೇ ಕೈಕೊಟ್ಟಿತು. ನಾವು ಬಿಸಿಗಾಳಿ ಊದಿ ಒಣಗಿಸಿ, ಮೊದಲು ಬೇರೆ ತುಂಡಿನ ಮೇಲೆ ಬೆಸೆದು ಮುರಿದು ನೋಡಿದೆವು. ಮುರಿದ ಜಾಗ ರವೆ ಇಡ್ಲಿಯ ಒಳಗಿನಂತೆ ಗುಳ್ಳೆ ಗುಳ್ಳೆ. ಕ್ಯಾಪ್ಟನ್ ಸಾಹೇಬರು ಆ ತುಂಡನ್ನು ತಿರುಗಿಸಿ ತಿರುಗಿಸಿ ನೋಡಿ, ಯಾರ್ಡಿಗೆ ಫೋನು ಮಾಡಲು ಹೊರಗೆ ಹೋದರು. ಅಲ್ಲಿಯ ಕ್ರೇನು ಬೇರೆಯವರಿಗೆ ಹೋಯಿತು. ಮಳೆಗೆ ಮೊದಲು ಮತ್ತೊಂದು ಸರದಿ ಸಿಕ್ಕರೆ ಸಿಕ್ಕಿತು ಎಂದರಂತೆ.

ಕಾಯುವುದೊಂದೇ ದಾರಿ. ಮಿಸ್ತ್ರಿಯವರು ಬಳೆಯ ಅಂಚನ್ನು ಉಜ್ಜುತ್ತ ಕೂತರು. ಮತ್ತೆ ಬಿಸಿಲು ಬಿತ್ತು. ನೆಲದ ತೇವ ಹಾರಿ, ಗಾಳಿ ಒಣಗಿ, ಪರೀಕ್ಷೆಯ ತುಂಡು ಮುರಿದಾಗ ಒಳಗೆ ಬೆಳ್ಳಿಯಂತೆ ಕಂಡ ಮೇಲೆ ಅವರು ಮುಖವಾಡ ಇಳಿಸಿದರು. ಒಂದೇ ಸಲಕ್ಕೆ ಸುತ್ತ ಬೆಸೆಯದೆ, ಇಲ್ಲಿಷ್ಟು, ಎದುರಿಗಿಷ್ಟು, ಆರಲು ಬಿಟ್ಟು ಮತ್ತಿಷ್ಟು ಎಂದು ಎಳೆದರು. ಇಲ್ಲದಿದ್ದರೆ ಶಾಖಕ್ಕೆ ತಗಡು ಸೊಟ್ಟಗಾಗುತ್ತದೆ. ಕೆಂಪು ದ್ರವ, ಬಿಳಿ ಪುಡಿ. ನಾವೆಲ್ಲ ಬಗ್ಗಿ ನೋಡಿದೆವು. ಬಿಳಿ ಬಿಳಿಯಾಗಿಯೇ ಉಳಿಯಿತು.

ಟ್ರೇಲರಿಗೆ ದೋಣಿ ಏರಿದ ಬೆಳಿಗ್ಗೆ ನಾನು ಅತ್ತೆಯನ್ನು ಹಟಮಾಡಿ ಕರೆತಂದೆ. ಮಿಸ್ತ್ರಿಯವರು ಅವರ ಮುಂದೆ ಬಂದು ಅಂಗೈ ಬಿಚ್ಚಿದರು. ಹೂವಿನಂತೆ ಅಂಚು ಕಚ್ಚುಕಚ್ಚಾದ ಹಳೆಯ ಹತ್ತು ಪೈಸೆ, ಅದೂ ಅಲ್ಯೂಮಿನಿಯಮ್ಮಿನದು. ಅಲ್ಯೂಮಿನಿಯಮ್ ಬೆಸುಗೆ ಕಲಿಯುವಾಗ ಅವರು ಇಂಥ ಪೈಸೆಗಳ ಮೇಲೆಯೇ ಕೈ ಪಳಗಿಸಿದ್ದರಂತೆ, ಒಂದು ಉಳಿದಿತ್ತಂತೆ. "ಇದು ದೋಣಿ ಜಾತಿದೇ ಅದರಿ ಅವ್ವಾರ. ಇದು ಅದಕ್ಕ ತಿನ್ನಂಗಿಲ್ಲ." ಕ್ಯಾಪ್ಟನ್ ಸಾಹೇಬರು ಅದನ್ನು ತೂಗಿ ನೋಡಿ, ಹೌದು, ಇದು ಬೇಕಾದರೆ ಇರಲಿ ಎಂದರು. ಅವರ ಮುಖದಲ್ಲಿ ಎಷ್ಟೋ ದಿನಗಳ ಮೇಲೆ ನಗೆ ಕಂಡಿತು.

"ಚಲಾವಣಿ ಇಲ್ಲದ ದುಡ್ಡು ಕಂಬಕ್ಕ ನಡೀತದೇನು?" ಎಂದರು ಅತ್ತೆ.

"ಸಮುದ್ರದಾಗ ಯಾವ ದುಡ್ಡು ನಡೀತದ್ರಿ?"

ಅತ್ತೆಗೆ ನಗು ಬಂತು, ಆದರೆ ಕೈ ಮುಂದೆ ಬರಲಿಲ್ಲ. "ನಾ ಮುಟ್ಟಂಗಿಲ್ಲ. ಒಮ್ಮೆ ಮುಟ್ಟಿದ್ದು ಸಾಕು. ಅವರೇ ಇಟ್ಟುಕೊಳ್ಳಲಿ, ಅವರ ಕಂಬ." ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ಮೇಡಂ ಹತ್ತು ಪೈಸೆಯನ್ನು ಕರವಸ್ತ್ರದಲ್ಲಿ ಸುತ್ತಿಕೊಂಡರು. ದೋಣಿ ಹೆದ್ದಾರಿಗೆ ಇಳಿದಾಗ ಹುಮನಾಬಾದಿನ ಅರ್ಧ ಊರೇ ಫೋನು ಎತ್ತಿ ಹಿಡಿದು ನಿಂತಿತ್ತು. ಅತ್ತೆ ಮಾತ್ರ ಶೆಡ್ಡಿನೊಳಗೇ ಇದ್ದರು. ಅವತ್ತು ನಿಂಬೆಹಣ್ಣೂ ಇಡಲಿಲ್ಲ.

ಆಮೇಲೆ ಸುದ್ದಿ ಇರಲಿಲ್ಲ. ದಿನವೂ ಆಕಾಶ ನೋಡುವುದು, ಫೋನು ನೋಡುವುದು. ಒಂದು ಮುಂಜಾನೆ ಮೇಡಂ ವಿಡಿಯೋ ಕರೆ ಮಾಡಿದರು. ಸರದಿ ಸಿಕ್ಕಿತ್ತು. ಹಿಂದೆ ಬೂದು ಬಣ್ಣದ ನೀರು, ಮೇಲೆ ಕ್ರೇನಿನ ಕೊಕ್ಕೆಗೆ ತೂಗಾಡುವ ಉದ್ದನೆಯ ಬೆಳ್ಳನೆಯ ಕಂಬ. ಗಾಳಿಗೆ ಅವರ ಮಾತು ಅರ್ಧ ಹಾರಿಹೋಗುತ್ತಿತ್ತು. "ಅಮ್ಮನನ್ನು ಕರೆಯಿರಿ" ಎಂದರು.

ಅತ್ತೆ ರೊಟ್ಟಿ ಬಡಿಯುತ್ತಿದ್ದರು. ಹಿಟ್ಟಿನ ಕೈಯಲ್ಲೇ ಬಂದು ದೂರ ನಿಂತರು. ಮೇಡಂ ದೋಣಿಯೊಳಗಿಳಿದು ಫೋನನ್ನು ಕಿಂಡಿಯ ಬಾಯಿಗೆ ಹಿಡಿದರು. ಒಳಗೆ ಹತ್ತು ಪೈಸೆ ಕೂತಿತ್ತು, ಅದರ ಮೇಲೆ ಅವರೇ ಹಚ್ಚಿದ ಒಂದಿಷ್ಟು ಕುಂಕುಮ. ಅತ್ತೆ ಹತ್ತಿರ ಬಂದರು.

"ಕ್ರೇನು ಕಾಯುತ್ತಿದೆ. ಅವರನ್ನು ಕೇಳಿ, ಕಂಬ ಇಳಿಸಬಹುದೇ?" ಎಂದರು ಮೇಡಂ, ಫೋನನ್ನು ಮೇಲಕ್ಕೆ, ಡೆಕ್ಕಿನ ತೂತಿನ ಕಡೆ ತಿರುಗಿಸಿ.

ನಾನು ಕನ್ನಡದಲ್ಲಿ ಕೇಳಿದೆ. ಅತ್ತೆ ಪರದೆಯನ್ನೇ ನೋಡುತ್ತ ನಿಂತರು. ಅಲ್ಲಿ ಯಾರೋ ಅವಸರಪಡಿಸಿ ಕೂಗಿದ್ದು ಕೇಳಿಸಿತು. ಮೇಲಿದ್ದ ಕ್ಯಾಪ್ಟನ್ ಸಾಹೇಬರು ಅವರಿಗೆ ತಡೆಯಿರಿ ಎಂದು ಕೈ ತೋರಿಸಿದರು. ಇನ್ನು ಅತ್ತೆ ಒಳಗೆ ಹೋಗಿಬಿಡುತ್ತಾರೆ ಎಂದುಕೊಂಡೆ.

ಅತ್ತೆ ಸೆರಗಿಗೆ ಕೈ ಒರೆಸಿ, ಅದೇ ಸೆರಗನ್ನು ತಲೆಯ ಮೇಲೆಳೆದುಕೊಂಡು, ಫೋನನ್ನು ನನ್ನ ಕೈಯಿಂದ ತೆಗೆದುಕೊಂಡರು.

"ಇಳಸ್ರಿ" ಎಂದರು. "ನೆಟ್ಟಗ ಇಳಸ್ರಿ. ಅವಸರ ಮಾಡಬ್ಯಾಡ್ರಿ."

ಮೇಡಂಗೆ ಕನ್ನಡ ಬರುವುದಿಲ್ಲ. ನಾನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಕಂಬ ಇಳಿಯತೊಡಗಿತ್ತು.